ದಾರದಕ್ಕನ ಐದು ಹಸಿರು ಚೌಕಗಳು

ಕೃತಕ ಕಾಲು ಮಾಡುವ ನಮ್ಮ ಕಾರ್ಯಾಗಾರದಲ್ಲಿ ಅವಳನ್ನು ಎಲ್ಲರೂ ಕರೆಯುವುದು ದಾರದಕ್ಕ ಎಂದೇ. ಹೊಲಿಗೆಗೂ ಅವಳಿಗೂ ಎಣ್ಣೆ ಸೀಗೆಕಾಯಿ. ದಾರಗಳಿದ್ದದ್ದು ಅವಳ ಕಂಪ್ಯೂಟರಿನ ಪರದೆಯ ಮೇಲೆ: ನೂರಾರು ಪುಟ್ಟ ಚೌಕಗಳು, ಒಂದರಿಂದ ಇನ್ನೊಂದಕ್ಕೆ ಎಳೆದ ಗೆರೆಗಳು. ಒಂದೊಂದು ಚೌಕಕ್ಕೂ ಒಂದೊಂದು ಲೆಕ್ಕ. ಎಡತುದಿಯಲ್ಲಿ ಕಾಲಿನ ಅಳತೆ ತುಂಬಿದರೆ ಬಲತುದಿಯಲ್ಲಿ ಮೊಂಡುಗಾಲು ಕೂರುವ ಬಟ್ಟಲಿನ ಆಕಾರ ಮೂಡುತ್ತಿತ್ತು. ಪಕ್ಕದ ಕೋಣೆಯ ಯಂತ್ರ ಅದನ್ನು ಕೆತ್ತುತ್ತಿತ್ತು. ಮೂವತ್ತು ವರ್ಷ ಪ್ಲಾಸ್ಟರ್ ಕಲಸಿದ ನಾನು ಮೊದಲ ಸಲ ನೋಡಿ ಮೂಗಿನ ಮೇಲೆ ಬೆರಳಿಟ್ಟೆ.

ಅವಳ ಕಣ್ಣಿನ ಆಪರೇಷನ್‌ಗೆ ದಿನ ನಿಗದಿಯಾಯಿತು. ಹದಿನೈದು ದಿನ ಪರದೆ ನೋಡುವಂತಿಲ್ಲ. ಅಷ್ಟು ದಿನ ಯಾರು ನಡೆಸಬೇಕು? ನಾನೇ. ಅಭ್ಯಾಸದ ಮೊದಲ ದಿನವೇ ಮೌಸ್ ಜಾರಿ ಯಾವುದೋ ಗೆರೆ ಕಿತ್ತುಬಂತು. ಯಂತ್ರ ಕುಂಬಳಕಾಯಿಯೊಂದನ್ನು ಕೆತ್ತಿಟ್ಟಿತು.

"ನನ್ನ ಕೈಯಲ್ಲಿ ಇದೆಲ್ಲ ಆಗಲ್ಲಮ್ಮ," ಎಂದು ರೇಗಿದೆ.

"ತಪ್ಪು ನಿಮ್ದಲ್ಲ ಅಣ್ಣ. ಅಡಿಗೆಮನೆ ಸಾಮಾನೆಲ್ಲ ಜಗಲಿ ಮೇಲೆ ಹರಡಿಟ್ಟು ನಿಮ್ಮನ್ನ ಊಟಕ್ಕೆ ಕರೆದಿದ್ದೀನಿ, ನೋಡಿ," ಎಂದಳು.

ಮೂರು ವಾರ ಅವಳು ಮಾಡಿದ ಕೆಲಸ ನನಗೆ ವಿಚಿತ್ರವಾಗಿ ಕಂಡಿತು. ನನ್ನನ್ನು ಪರದೆಯ ಮುಂದೆ ಕೂರಿಸಿ ತಾನು ಹಿಂದೆ ನಿಲ್ಲುವಳು, ತುಟಿಪಿಟಕ್ಕೆನ್ನಳು. ನನ್ನ ಬೆರಳು ಎಲ್ಲಿ ತಡವರಿಸಿತು, ಅಳತೆ ಟೇಪನ್ನು ಹೇಗೆ ಹಿಡಿದೆ, ಎಲ್ಲವನ್ನೂ ಬರೆದುಕೊಳ್ಳುವಳು. ಮರುದಿನ ಆ ಜಾಗ ಬದಲಾಗಿರುತ್ತಿತ್ತು. ಕೊನೆಗೆ ನೂರಾರು ಚೌಕಗಳೂ ಒಂದೇ ಬೂದುಬಣ್ಣದ ಪೆಟ್ಟಿಗೆಯೊಳಗೆ ಸೇರಿ ಬೀಗ ಹಾಕಿಕೊಂಡವು. ಹೊರಗೆ ಉಳಿದದ್ದು ಅಳತೆ ತುಂಬುವ ಐದೇ ಹಸಿರು ಚೌಕ. ಅವುಗಳ ಮೇಲೆ ಬರೆದದ್ದೂ ನಮ್ಮದೇ ಮಾತು: "ಮಂಡಿ ಕೆಳಗೆ ನಾಲ್ಕು ಬೆರಳು ಬಿಟ್ಟು ಸುತ್ತಳತೆ." ಅದು ನಾನು ಅಳೆಯುವ ರೀತಿ. ಅವಳು ಯಾವತ್ತೂ ಕೇಳಿರಲಿಲ್ಲ, ನೋಡಿದ್ದಳು.

ಅವಳು ಆಸ್ಪತ್ರೆ ಸೇರಿದ ಮರುದಿನವೇ ಅಂಚೆ ಹಂಚುವ ಹೆಂಗಸೊಬ್ಬಳು ಬಂದಳು. ಅವಳ ಕೃತಕ ಕಾಲಿನ ಹಳೆಯ ಬಟ್ಟಲು ಸೀಳಿಹೋಗಿತ್ತು. ಸೋಮವಾರದೊಳಗೆ ಕೆಲಸಕ್ಕೆ ಹೋಗದಿದ್ದರೆ ಅವಳ ಬೀದಿಗಳು ಬೇರೆಯವರ ಪಾಲು.

"ಹನ್ನೊಂದು ವರ್ಷದ ಬೀದಿಗಳು. ಒಂದೇ ಸಲಕ್ಕೆ ಸರಿಹೋಗುತ್ತಲ್ವಾ?" ಎಂದಳು. ಎರಡನೆಯದನ್ನು ಕೆತ್ತಲು ದಿನಗಳೇ ಉಳಿದಿರಲಿಲ್ಲ.

ಅಳೆದೆ, ತುಂಬಿದೆ. ಮೊದಲ ಚೌಕ ದಾಟಿತು. ಎರಡನೆಯದಕ್ಕೆ ಹದಿಮೂರು ಎಂದು ಒತ್ತಿದೆ. ಚೌಕ ಕೆಂಪಾಯಿತು. ಕೆಳಗೆ ಅವಳು ಮೊದಲೇ ಬರೆದಿಟ್ಟಿದ್ದ ಒಂದು ಸಾಲು ಮೂಡಿತು:

"ಅಣ್ಣ, ಟೇಪು ಮಗುಚಿಕೊಂಡಿದೆ. ಅದು ಇಂಚು. ಇನ್ನೊಂದು ಬದಿ ನೋಡಿ."

ನೋಡಿದೆ. ಮಗುಚಿಕೊಂಡಿತ್ತು! ಸರಿಯಾದ ಅಳತೆ ಮೂವತ್ತಮೂರು ಸೆಂಟಿಮೀಟರ್. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವಳು ನನ್ನ ಕೈಯಲ್ಲಿದ್ದ ಟೇಪನ್ನು ನೋಡುತ್ತಿದ್ದಳು.

ಶನಿವಾರ ಬಟ್ಟಲು ಕೂತಿತು. ಅಂಚೆಯಾಕೆ ನಡೆದು ನೋಡುವ ಕಂಬಿ ಹಿಡಿದು ಹೋದವಳು ಬರುವಾಗ ಕೈಬಿಟ್ಟು ಬಂದಳು. ನನಗೆ ಕಣ್ಣು ತುಂಬಿತು, ನಾಚಿಕೆಯೇನೂ ಆಗಲಿಲ್ಲ.

ದಾರದಕ್ಕನಿಗೆ ಫೋನ್ ಮಾಡಿ, "ನಡೆದಳು," ಎಂದೆ.

ಅವಳು ಕೇಳಿದಳು: "ಎಷ್ಟು ಸಲ ಕೆಂಪಾಯ್ತು?"

"ಒಂದೇ ಸಲ."

"ಟೇಪಾ, ಅಣ್ಣ?"