ಎರಡು ಬೀಗದ ಕೋಣೆ

ನನ್ನ ಯಜಮಾನರು ಆಸ್ಪತ್ರೆಯ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ತುರ್ತಿಗೆಂದು ಇಟ್ಟ ಔಷಧಿಯ ಕೋಣೆಗೆ ಎರಡು ಬೀಗ. ಒಂದರ ಕೀಲಿ ಇವರ ಬಳಿ, ಇನ್ನೊಂದರದು ದೊಡ್ಡ ಡಾಕ್ಟರ ಬಳಿ. ಇಬ್ಬರೂ ನಿಂತೇ ತೆರೆಯಬೇಕೆಂದು ಕಾನೂನು.

ವಾಂತಿಭೇದಿ ಹಬ್ಬಿದ ವಾರ ಡಾಕ್ಟರೇ ಪರವೂರಲ್ಲಿ ಜ್ವರ ಬಂದು ಮಲಗಿದ್ದರು. ವರಾಂಡದ ತುಂಬ ರೋಗಿಗಳು, ಸಲೈನ್ ಬಾಟಲಿಗಳೆಲ್ಲ ಕೋಣೆಯೊಳಗೆ. ಇವರು ಹಾರೆ ತಂದು ಎರಡನೆಯ ಬೀಗ ಮುರಿದರು.

ರೋಗ ಇಳಿದ ಮೇಲೆ ವಿಚಾರಣೆಯ ಅಧಿಕಾರಿ ಮನೆಗೇ ಬಂದರು. ಒಳ್ಳೆಯ ಮನುಷ್ಯ.

"ಬೀಗ ತುಕ್ಕು ಹಿಡಿದಿತ್ತು, ತಾನಾಗೇ ಕಳಚಿಕೊಳ್ತು ಅಂತ ಬರೆದುಕೊಡಿ. ಕೆಲಸ ಉಳಿಯುತ್ತೆ."

"ತುಕ್ಕು ಹೇಗೆ ಹಿಡಿಯುತ್ತೆ ಸಾರ್? ವಾರ ವಾರ ಎಣ್ಣೆ ಹಾಕ್ತಿದ್ದವನೇ ನಾನು."

"ಹೂಂ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದೆ ನಾನು.

"ಸುಮ್ನಿರೇ. ತುಕ್ಕು ಅಂತ ಬರೆದ್ರೆ ಹೊಸ ಬೀಗ ಹಾಕ್ತಾರೆ, ಅಷ್ಟೇ. ಆಮೇಲೂ ಎರಡೇ ಇರ್ತವೆ."

ಮುರಿದೆ ಎಂದೇ ಬರೆದರು, ಏಕೆಂದೂ ಬರೆದರು. ಕೆಲಸ ಹೋಯಿತು.

ಮರುವರ್ಷ ಕಾನೂನು ತಿದ್ದಿದರು. ಒಬ್ಬರು ಸಿಗದಿದ್ದರೆ ಇನ್ನೊಬ್ಬರೇ ತೆರೆಯಬಹುದು, ಕಾರಣ ಬರೆದಿಟ್ಟರೆ ಸಾಕು. ಆ ಕಾಗದ ಹಿಡಿದು ಅದೇ ಅಧಿಕಾರಿ ಬಂದಾಗ ಇವರು ತೀರಿ ಎರಡು ತಿಂಗಳಾಗಿತ್ತು. ಅವರು ಅದನ್ನು ನನಗೇ ಓದಿ ಹೇಳಿದರು.