ಎಣ್ಣೆ ಡಬ್ಬಿಯ ಮೇಲಿನ ಜಡೆ

ನಿನ್ನೆ ತಿಪಟೂರಿನ ಅಂಗಡಿಯೊಂದರಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕತ್ತು ತಾನಾಗಿ ನೆಟ್ಟಗಾಯಿತು.

ಶೆಟ್ಟಿಕೆರೆಯಲ್ಲಿ ನಮ್ಮಪ್ಪನ ಎಣ್ಣೆ ಮಿಲ್ಲಿತ್ತು. ಡಬ್ಬಿಯ ಮೇಲೆ ಉದ್ದ ಜಡೆಯ ಹುಡುಗಿಯ ಚಿತ್ರ ಬೇಕೆಂದು ಅಪ್ಪ ನನ್ನನ್ನೇ ಫೋಟೋಕ್ಕೆ ನಿಲ್ಲಿಸಿದ. ನನಗಿದ್ದದ್ದೋ ಇಲಿಬಾಲದಂಥ ಕೂದಲು. ಅಜ್ಜಿ ತನ್ನ ಚೌರಿ ಸೇರಿಸಿ ಮಂಡಿಯವರೆಗೆ ಹೆಣೆದಳು.

"ಕತ್ತು ಅಲ್ಲಾಡಿಸ್ಬೇಡ ಕಣೇ, ಚೌರಿ ಕಳಚ್ಕೊಂಡು ಬಿದ್ದೋಗ್ತದೆ!"

ಎಣ್ಣೆ ಊರೂರಿಗೆ ಓಡಿತು. ನಾನು ಸಿಕ್ಕಿಬಿದ್ದೆ. ಸಂತೆಗೆ ಬಂದವರೆಲ್ಲ ಡಬ್ಬಿಯ ಹುಡುಗಿಯನ್ನು ನೋಡಲು ಮನೆಗೆ ಬರತೊಡಗಿದರು. ಹಾಗಾಗಿ ಶಾಲೆಗೂ ಅದೇ ಚೌರಿ, ಮದುವೆಮನೆಗೂ ಅದೇ ಚೌರಿ. ಎಣ್ಣೆ ಬೆನ್ನಿಗಿಳಿದು ರವಿಕೆ ಅಂಟುತ್ತಿತ್ತು. ಕುಂಟಾಬಿಲ್ಲೆ ಆಡುವಂತಿರಲಿಲ್ಲ.

"ತೆಗೀತೀನಪ್ಪಾ" ಅಂದರೆ, "ಇವತ್ತೊಂದಿನ ಇರ್ಲಿ ಬುಡು ಮಗಾ" ಅನ್ನುತ್ತಿದ್ದ. ಆ ಒಂದು ದಿನ ನನ್ನ ಮದುವೆಯವರೆಗೂ ಮುಗಿಯಲಿಲ್ಲ.

ಮಿಲ್ಲು ಬೇರೆಯವರ ಕೈಗೆ ಹೋಗಿದೆ, ಚಿತ್ರ ಮಾತ್ರ ಬದಲಾಗಿಲ್ಲ. ನಿನ್ನೆ ಅಂಗಡಿಯವನು ನನ್ನ ಮೋಟು ಕೂದಲು ನೋಡಿ ಅದೇ ಡಬ್ಬಿಯನ್ನು ಮುಂದಿಟ್ಟ.

"ಇದ್ನ ಹಚ್ಕಳಿ ಅಮ್ಮಾ, ಈ ಹುಡ್ಗಿ ಜಡೆ ನೋಡ್ರೀ!"

ನೋಡಿದೆ. ಪಾಪ, ಇನ್ನೂ ಕತ್ತು ಅಲ್ಲಾಡಿಸದೆ ನಿಂತಿದ್ದಾಳೆ.