ಎಂಟನೇ ಮನೆಯ ಡ್ರಮ್ಮು

ಬುಧವಾರ ಬೆಳಗ್ಗೆ ಎಂಟು ಗಂಟೆಗೆ ಕೃಷ್ಣರಾಜಪುರದ ನಿಲ್ದಾಣದಲ್ಲಿ ಚಿನ್ನದ ಗಣಿಯ ಊರಾದ ಉರಿಗಾಂಗೆ ಒಂದು ಟಿಕೆಟ್ ಕೇಳಿದೆ. ಕೌಂಟರಿನ ಯಜಮಾನರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ಅಳೆದು, "ಈಗ ಅಲ್ಲಿಂದ ಇಲ್ಲಿಗೆ ಬರೋ ಹೊತ್ತಲ್ವೇನ್ರೀ?" ಎಂದರು. ಅವರ ಮಾತು ನಿಜವೇ. ಎದುರಿನ ಪ್ಲಾಟ್‌ಫಾರಂಗೆ ಬಂದ ರೈಲಿನಿಂದ ಜನ ಮೂಟೆ ಬಿಚ್ಚಿದ ಆಲೂಗಡ್ಡೆಯ ಹಾಗೆ ಉರುಳುತ್ತಿದ್ದರು. ನನ್ನ ರೈಲಿನಲ್ಲಿ ಒಂದು ಬೋಗಿಗೆ ಏಳೆಂಟು ಮಂದಿ. ಇಪ್ಪತ್ತು ಚಿಲ್ಲರೆ ರೂಪಾಯಿಗೆ ಬೆಂಗಳೂರಿನಲ್ಲಿ ಅಷ್ಟು ಜಾಗ ನನಗೆ ಸಿಕ್ಕಿದ್ದು ಅದೇ ಮೊದಲು. ಕಾಲು ಚಾಚಿ ಕೂತೆ.

ಹೊರಟಿದ್ದು ಬಾಡಿಗೆ ಮನೆ ನೋಡಲು. ನಾನು ಮಾಲಿನಲ್ಲಿ ಟೀವಿ, ಫ್ರಿಜ್ಜು ಮಾರುವವನು. ನನ್ನ ಹೆಂಡತಿ ಶೋಭ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿ ಎಂಟು ತಿಂಗಳು. ಅವಳಿರುವುದು ಹೆಣ್ಣುಮಕ್ಕಳ ಪೀಜಿಯಲ್ಲಿ, ನಾನಿರುವುದು ಗಂಡಸರ ಪೀಜಿಯಲ್ಲಿ. ನಡುವೆ ಎರಡೂವರೆ ಕಿಲೋಮೀಟರು, ಎರಡು ಸಿಗ್ನಲ್ಲು, ಒಬ್ಬ ವಾಚ್‌ಮ್ಯಾನ್. ಮದುವೆಯಾದ ಹುಡುಗಿ ಗಂಡನ ಮನೆ ಸೇರುತ್ತಾಳೆ. ನಮ್ಮ ಶೋಭ ಗಂಡನ ಗೇಟಿನ ತನಕ ಬಂದು ವಾಪಸು ಹೋಗುತ್ತಾಳೆ. ನನ್ನ ವಾರದ ರಜೆ ಬುಧವಾರ, ಅವಳದು ಭಾನುವಾರ.

ಮನೆ ಹುಡುಕಲಿಲ್ಲವೆಂದಲ್ಲ. ನನಗೆ ಮಿಮಿಕ್ರಿಯ ಚಟ. ಹುಟ್ಟುಹಬ್ಬಗಳಿಗೆ ಕರೆದರೆ ಹೋಗಿ ನಾಲ್ಕು ಕಾಸು ಮಾಡುವಷ್ಟು. ಬಾಡಿಗೆಗಿದೆ ಎಂಬ ಬೋರ್ಡು ಕಂಡರೆ ಮೂರು ಗಂಟಲಿನಲ್ಲಿ ಫೋನು ಮಾಡುತ್ತಿದ್ದೆ. ಬ್ಯಾಂಕ್ ಮ್ಯಾನೇಜರಿನ ಗಂಟಲಿಗೆ ಒಂದು ಕೋಣೆಯ ಮನೆ ಹದಿನಾರು ಸಾವಿರ, ಹತ್ತು ತಿಂಗಳ ಅಡ್ವಾನ್ಸು, ಜೊತೆಗೆ "ಬನ್ನಿ ಸಾರ್, ಕಾಫಿ ಕುಡೀತಾ ಮಾತಾಡೋಣ". ಹಳ್ಳಿ ಯಜಮಾನರ ಗಂಟಲಿಗೆ ಅದೇ ಮನೆ ಹದಿನೆಂಟು, "ನೀರು ಜಾಸ್ತಿ ಖರ್ಚು ಮಾಡ್ತೀರ ನೀವು". ನನ್ನ ಸ್ವಂತ ಗಂಟಲಿಗೆ, "ಈಗಷ್ಟೇ ಕೊಟ್ಟಾಯ್ತಲ್ಲ". ಒಬ್ಬರು ಮಾತ್ರ ನಿಜ ಹೇಳಿದರು: "ಸಂಸಾರಕ್ಕೆ ಕೊಟ್ರೆ ಒಂದು ಬಾಡಿಗೆ ಬರುತ್ತೆ ಕಣಪ್ಪ. ಮಂಚ ಹಾಕಿದ್ರೆ ಒಂಬತ್ತು ಬರುತ್ತೆ." ಅವರ ಲೆಕ್ಕ ತಪ್ಪು ಎನ್ನಲು ನನಗೆ ಬಾಯಿ ಇಲ್ಲ, ಏಕೆಂದರೆ ಆ ಒಂಬತ್ತರಲ್ಲಿ ಒಂದು ನಾನು. ನನ್ನ ಮಂಚ ಇರುವುದು ಒಂದು ಕಾಲಕ್ಕೆ ಯಾರದೋ ಅಡುಗೆಮನೆಯಾಗಿದ್ದ ಕೋಣೆಯಲ್ಲಿ. ತಲೆದಿಂಬಿನ ಮೇಲೆ ಸಿಂಕಿನ ನಲ್ಲಿ ಇನ್ನೂ ಇದೆ. ತೊಟ್ಟಿಕ್ಕುತ್ತದೆ.

ಹೀಗಿರುವಾಗ ನಮ್ಮ ಅಂಗಡಿಯ ಗೋಡೌನಿನ ನಾಗರಾಜ, ದಿನಾ ಬಂಗಾರಪೇಟೆಯಿಂದ ಬರುವವನು, ಒಂದು ನಂಬರು ಕೊಟ್ಟ. "ಉರಿಗಾಂ ಲೈನ್ ಮನೆ. ಮುನಿಯಮ್ಮ ಅಂತ. ಬೀಗದ ಕೈ ಅವ್ರತ್ರ ಐತೆ, ಓಗಿ ನೋಡು." ನಾನು ಅಭ್ಯಾಸಬಲದಿಂದ ಮ್ಯಾನೇಜರಿನ ಗಂಟಲಿನಲ್ಲೇ ಫೋನು ಮಾಡಿ, ಬುಧವಾರ ಬರುವುದಾಗಿ ಹೇಳಿದ್ದೆ.

ಮಾಲೂರು ದಾಟುವವರೆಗೆ ಎದುರು ಸೀಟಿನಲ್ಲಿ ಒಬ್ಬರು ಮಲಗಿದ್ದರು. ಎದ್ದಾಗ ಗೊತ್ತಾಯಿತು, ಹೆಸರು ವೆಂಕಟೇಶಪ್ಪ, ಬಂಗಾರಪೇಟೆ ಹತ್ತಿರದ ಹಳ್ಳಿಯವರು, ಎರಡು ಹಸು ಇವೆ. ರಾತ್ರಿ ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕಾವಲು.

"ಮುನ್ನೂರು ಮನೆ ಅವೆ ಅಲ್ಲಿ. ಅರ್ಧಕ್ಕೆ ದೀಪಾನೇ ಅತ್ತಲ್ಲ" ಎಂದರು.

"ಮಾರಾಟ ಆಗಿಲ್ವಾ?"

"ಎಲ್ಲಾ ಆಗವೆ. ಕೊಂಡವ್ರೆ, ಬೀಗ ಆಕವ್ರೆ. ರೇಟು ಏರ್ಲಿ ಅಂತ ಮಡಗವ್ರೆ."

"ಒಳಗೆ ಯಾರೂ ಇಲ್ಲ ಅಂದ್ರೆ ನೀವು ಕಾಯೋದು ಏನನ್ನ?"

"ಬೀಗಾನ" ಎಂದು ಆಕಳಿಸಿ, ಬಂಗಾರಪೇಟೆಯಲ್ಲಿ ಇಳಿದು ಹಾಲಿನ ಹೊತ್ತು ಮೀರಿತೆಂದು ದಡದಡ ನಡೆದರು. ಬೋಗಿಯಲ್ಲಿ ಉಳಿದವನು ನಾನೊಬ್ಬನೇ. ಸುಮ್ಮನಿರಲಾಗದೆ ಸ್ಟೇಷನ್ನಿನ ಹೆಂಗಸಿನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರು ಒಬ್ಬರೇ ಇದ್ದಾರೆ" ಎಂದು ಘೋಷಿಸಿದೆ. ಯಾರೂ ನಗಲಿಲ್ಲ. ನಗಬೇಕಾದವನು ನಾನೇ ಆದ್ದರಿಂದ ಸ್ವಲ್ಪ ನಕ್ಕೆ.

ಉರಿಗಾಂನಲ್ಲಿ ಇಳಿದಾಗ ಹತ್ತೂ ಮುಕ್ಕಾಲು. ಆಷಾಢದ ಗಾಳಿ. ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ದಿಬ್ಬದ ಬೂದಿ ಬಣ್ಣದ ಮಣ್ಣು ಎದ್ದು ಬಂದು ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ದೂರದಲ್ಲಿ ಮುಚ್ಚಿದ ಗಣಿಯ ತುಕ್ಕು ಹಿಡಿದ ಶಾಫ್ಟಿನ ಗೋಪುರ. ಅದರ ಚಕ್ರ ನಿಂತು ವರ್ಷಗಳೇ ಆಗಿವೆ. ದಾರಿ ಕೇಳೋಣವೆಂದರೆ ಮನುಷ್ಯರಿಲ್ಲ. ಗಣಿ ಕೆಲಸಗಾರರಿಗೆಂದು ಕಟ್ಟಿದ ಸಾಲುಸಾಲು ಲೈನ್ ಮನೆಗಳು, ತಗ್ಗು ಮಾಡು, ಒಂದರ ಗೋಡೆ ಇನ್ನೊಂದಕ್ಕೆ. ಬಾಗಿಲಿಗೆಲ್ಲ ಬೀಗ. ರಂಗೋಲಿ ಇದೆ, ಹಗ್ಗದ ಮೇಲೆ ಬಟ್ಟೆ ಇದೆ, ತುಳಸಿಗೆ ನೀರು ಹಾಕಿದ ಒದ್ದೆ ಇದೆ. ಜನ ಮಾತ್ರ ಇಲ್ಲ. ಎಲ್ಲರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿದ್ದರು. ನಾನು ಆ ಬೆಳಿಗ್ಗೆ ಎದುರು ಪ್ಲಾಟ್‌ಫಾರಂನಲ್ಲಿ ನೋಡಿದ ಆಲೂಗಡ್ಡೆಗಳಲ್ಲಿ ಈ ಸಾಲಿನವರೂ ಇದ್ದಿರಬೇಕು.

ಸಾಲಿನ ತುದಿಯಲ್ಲಿ ಒಬ್ಬ ಹೆಂಗಸು ಉದ್ದನೆಯ ಪೈಪು ಎಳೆಯುತ್ತಿದ್ದರು. ವಯಸ್ಸು ಅರವತ್ತರ ಮೇಲೆ, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ನಲ್ಲಿಗೆ ತಮಿಳಿನಲ್ಲಿ ಬೈದರು, ಪೈಪು ತುಳಿದ ಮೇಕೆಗೆ ತೆಲುಗಿನಲ್ಲಿ ಬೈದರು, ನನ್ನ ಕಡೆ ಕನ್ನಡದಲ್ಲಿ ತಿರುಗಿದರು.

"ಯಾರಪ್ಪಾ? ಮ್ಯಾನೇಜರ್ರು ಬತ್ತೀನಿ ಅಂದಿದ್ರು. ನೀನು ಅವ್ರ ಡ್ರೈವರಾ?"

"ಫೋನ್ ಮಾಡಿದ್ದು ನಾನೇ ಅಮ್ಮಾ."

"ಆ ಗಂಟ್ಲು ಎಲ್ಲಿ ಬಿಟ್ಟು ಬಂದೆ?"

ಮ್ಯಾನೇಜರಿನ ದನಿಯಲ್ಲಿ "ನಮಸ್ಕಾರ ಮುನಿಯಮ್ಮನವರೇ" ಎಂದೆ. ಅವರು ಪೈಪು ಕೈಬಿಟ್ಟು ನನ್ನನ್ನೇ ನೋಡಿದರು. "ಎಲಾ ಕಳ್ಳ! ಮೊದ್ಲು ಈ ಪೈಪ್ ಇಡ್ಕೊಳ್ಲಾ. ಮನೆ ಎಲ್ಲೂ ಓಡಿ ಓಗಲ್ಲ, ನೀರು ಓಯ್ತದೆ."

ಅಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಹಗಲು ಹನ್ನೊಂದರ ಸುಮಾರಿಗೆ, ಒಂದು ಗಂಟೆ ಹೊತ್ತು. ಮನೆಯವರೆಲ್ಲ ಆಗ ಬೆಂಗಳೂರಿನಲ್ಲಿ. ಹಾಗಾಗಿ ಹನ್ನೊಂದು ಮನೆಯವರು ಬೀಗದ ಕೈಯನ್ನು ಮುನಿಯಮ್ಮನವರ ಸೊಂಟಕ್ಕೆ ಸಿಕ್ಕಿಸಿ ಹೋಗುತ್ತಾರೆ. ಅವರು ಬೀಗ ತೆಗೆದು, ಪೈಪು ಒಳಗೆ ಬಿಟ್ಟು, ಡ್ರಮ್ಮು ತುಂಬಿಸಿ, ಬೀಗ ಹಾಕಿ, ಮುಂದಿನ ಬಾಗಿಲಿಗೆ ಹೋಗುತ್ತಾರೆ. ಒಳಗೆ ನೋಡುವುದೇ ಇಲ್ಲ. ಅವತ್ತೂ ಹೊಸಿಲ ಮೇಲೆ ಕೂತು ಸದ್ದು ಕೇಳಿಯೇ ನನಗೆ, "ಮೂರನೆಯದು ಆಯ್ತು, ಎತ್ತು" ಎನ್ನುತ್ತಿದ್ದರು.

ಪೈಪು ಹಿಡಿದ ನಾನು ಅಷ್ಟೂ ಮನೆ ನೋಡಿದೆ. ಒಂದರಲ್ಲಿ ತೊಳೆಯದ ಎರಡು ಲೋಟ. ಇನ್ನೊಂದರಲ್ಲಿ ಮಡಿಸದ ಹಾಸಿಗೆ, ಎರಡು ದಿಂಬು. ಎರಡು ದಿಂಬು ನೋಡುತ್ತ ನಿಂತು ಡ್ರಮ್ಮು ಉಕ್ಕಿಸಿಬಿಟ್ಟೆ. "ಎಲ್ಲಿ ನೋಡ್ತಿದ್ದೀಯಾ? ಅವ್ರ ಮನೆ ಕಣ್ಲಾ ಅದು!" ಎಂದು ಹೊಸಿಲಿಂದ ಬೈಗುಳ ಬಂತು.

ಎಂಟನೆಯ ಮನೆ ಖಾಲಿ. ಅದು ಮುನಿಯಮ್ಮನವರ ತಮ್ಮನದಂತೆ. ತಮ್ಮ ಹೊಸೂರು ಸೇರಿದ್ದಾನೆ. ಎರಡು ಪುಟ್ಟ ಕೋಣೆ, ಒಂದು ಒಲೆಕಟ್ಟೆ, ಹಿತ್ತಲಲ್ಲಿ ನುಗ್ಗೆ ಗಿಡ. ಬಾಡಿಗೆ ಎರಡೂವರೆ ಸಾವಿರ.

"ಅಡ್ವಾನ್ಸು?"

"ಡ್ರಮ್ಮೇ ಅಡ್ವಾನ್ಸು. ಡ್ರಮ್ ಯಾರು ಮಡುಗ್ತಾರೋ ಅವ್ರ ಮನೆ. ಮನುಸ್ರು ನಿದಾನಕ್ಕೆ ಬಂದ್ರೂ ಆಯ್ತದೆ. ಶನಿವಾರ ನೀರು ಬತ್ತದೆ, ಬೇಕಾ ಬ್ಯಾಡ್ವಾ ಅಷ್ಟ್ರೊಳ್ಗೆ ಏಳು. ಇನ್ನೊಬ್ರು ಕೇಳವ್ರೆ."

ನೀರು ನಿಂತ ಮೇಲೆ ಮುನಿಯಮ್ಮ ಮುದ್ದೆ, ಹುರುಳಿ ಸಾರು ಕೊಟ್ಟರು. ಅವರ ಗಂಡ ಇಲ್ಲಿಯದೇ ನಂದಿದುರ್ಗ ಎಂಬ ಹೆಸರಿನ ಚಿನ್ನದ ಗಣಿಗೆ ಇಳಿಯುತ್ತಿದ್ದವರು. "ಆಗ ಗಂಡಸ್ರು ಭೂಮಿ ಒಳಕ್ಕೆ ಓಯ್ತಿದ್ರು, ಶಿಫ್ಟ್ ಮುಗೀತಂದ್ರೆ ಮನೆಗೆ ಬತ್ತಿದ್ರು. ಜಗಳಕ್ಕೂ ಟೈಮ್ ಇತ್ತು. ಈಗ್ಲವ್ರು ಬೆಂಗ್ಳೂರಿಗೆ ಓಯ್ತಾರೆ, ಅದು ಇನ್ನೂ ಆಳ" ಎಂದರು. ಆಮೇಲೆ ನಮ್ಮಿಬ್ಬರ ಶಿಫ್ಟು ಕೇಳಿದರು. ಶೋಭ ಏಳಕ್ಕೆ ಲ್ಯಾಬು ತೆರೆಯಬೇಕು, ಎಂದರೆ ಇಲ್ಲಿಂದ ನಾಲ್ಕೂವರೆಗೆ ಎದ್ದು ಓಡಬೇಕು. ನಾನು ಅಂಗಡಿ ಬಿಡುವುದು ರಾತ್ರಿ ಒಂಬತ್ತಕ್ಕೆ, ಇಲ್ಲಿ ಬಂದು ಬೀಳುವಾಗ ಹನ್ನೆರಡು.

ಮುನಿಯಮ್ಮ ಬೆರಳು ಮಡಿಸಿದರು. "ಇಬ್ರೂ ಮನೇಲಿರೋದು ನಾಲ್ಕೂವರೆ ಗಂಟೆ. ಅದೂ ನಿದ್ದೇಲಿ."

ಮಾತು ತಪ್ಪಿಸಲು ನಾನು ವೆಂಕಟೇಶಪ್ಪನವರ ಗೊರಕೆ ಮಾಡಿದೆ. ಪೀಜಿ ಓನರಿನ ಕೆಮ್ಮು ಮಾಡಿದೆ. ಅವರದೇ "ಎಲಾ ಕಳ್ಳ" ಮಾಡಿ ತೋರಿಸಿದೆ. ಸೆರಗು ಬಾಯಿಗಿಟ್ಟು ನಕ್ಕರು. ನಗು ಮುಗಿಸಿ, "ನಿನ್ನ ಎಂಡ್ತಿ ಎಂಗೆ ಮಾತಾಡ್ತಾಳೆ, ಮಾಡು ನೋಡಾನ" ಎಂದರು.

ಇದೇನು ಮಹಾ ಎಂದು ಗಂಟಲು ಸರಿಮಾಡಿಕೊಂಡೆ. "ಹಲೋ... ಕೇಳಿಸ್ತಿದ್ಯಾ? ಹಲೋ... ಊಟ ಆಯ್ತಾ? ಫೋನ್ ಇಡ್ಲಾ? ವಾರ್ಡನ್ ಬಂದ್ರು..."

"ಅದು ಫೋನ್ ಕಣಪ್ಪಾ. ಎಂಡ್ತಿ ಎಲ್ಲಿ?"

ಮತ್ತೆ ಬಾಯಿ ತೆರೆದೆ. ಅನ್ನ ಸೀದರೆ ಶೋಭ ಹೇಗೆ ಕೂಗುತ್ತಾಳೆ? ಬಚ್ಚಲಿನಿಂದ ಟವೆಲ್ಲು ಕೇಳುವುದು ಹೇಗೆ? ನಿದ್ದೆಗಣ್ಣಿನಲ್ಲಿ ನನ್ನ ಹೆಸರು ಹೇಗೆ ಕರೆಯುತ್ತಾಳೆ? ಮದುವೆಯ ಮರುವಾರ ಅವಳ ತವರಿನಲ್ಲಿದ್ದ ನಾಲ್ಕು ದಿನ ಮನೆ ತುಂಬ ನೆಂಟರು. ಅವಳು ಮಾತಾಡಿದ್ದೆಲ್ಲ ಅವರ ಹತ್ತಿರವೇ. ಆಮೇಲೆ ನನಗೆ ಸಿಕ್ಕಿದ್ದು ಗೇಟಿನ ಪಿಸುಮಾತು ಮತ್ತು ಫೋನು. ಊರವರ ಗಂಟಲೆಲ್ಲ ನನ್ನ ಜೇಬಿನಲ್ಲಿದೆ, ಹೆಂಡತಿಯದಿಲ್ಲ. ಮುನಿಯಮ್ಮ ಇನ್ನೊಂದು ಮುದ್ದೆ ಹಾಕಿದರು.

ಹೊರಡುವ ಮುಂಚೆ ಎಂಟನೇ ಮನೆಯೊಳಗೆ ಒಬ್ಬನೇ ಹೋಗಿ ಸ್ವಲ್ಪ ಹೊತ್ತು ನಿಂತೆ. "ಶೋಭಾ" ಎಂದು ಕರೆದೆ. ನನ್ನ ದನಿಯೇ ಗೋಡೆಗೆ ತಾಗಿ ವಾಪಸು ಬಂತು. ಪಕ್ಕದ ಏಳನೇ ಮನೆಗೂ ಕೇಳಿಸಿರಬೇಕು. ಅಲ್ಲಿ ತುಂಬಿದ ಡ್ರಮ್ಮು ಬಿಟ್ಟರೆ ಬೇರೆ ಯಾರಿದ್ದರು?

ಖಾಸಗಿ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದಾಗ ನಾಲ್ಕು ಗಂಟೆ. ಅಲ್ಲಿಯ ಪಾನಿಪೂರಿಯ ನೀರಿಗೆ ಬಣ್ಣವಿರುವುದಿಲ್ಲ; ನೋಡಲು ನಲ್ಲಿ ನೀರು, ಬಾಯಿಗೆ ಬಿದ್ದರೆ ಬೆಂಕಿ. ಎರಡು ಪ್ಲೇಟು ತಿಂದೆ. ಒಬ್ಬನೇ ತಿನ್ನುವವನಿಗೆ ಪಾನಿಪೂರಿ ಆಗಿಬರುವುದಿಲ್ಲ; ಮೂಗು ಸೋರುವಾಗ ನೋಡಿ ನಗಲು ಎದುರಿಗೆ ಒಬ್ಬರು ಬೇಕು. ಹನ್ನೆರಡು ಪೂರಿ ಕಟ್ಟಿಸಿಕೊಂಡು, ನೀರನ್ನು ನನ್ನ ಬಾಟಲಿಗೆ ತುಂಬಿಸಿಕೊಂಡೆ. ನಿಲ್ದಾಣದ ಎದುರಿನ ಪ್ಲಾಸ್ಟಿಕ್ ಅಂಗಡಿಯಲ್ಲಿ ನೀಲಿ ಡ್ರಮ್ಮುಗಳನ್ನು ಪೇರಿಸಿಟ್ಟಿದ್ದರು. ಬೆಲೆ ಕೇಳಿದೆ, ಕೊಳ್ಳಲಿಲ್ಲ. ನಾಲ್ಕೂವರೆ ಗಂಟೆಯ ನಿದ್ದೆಗೆ ಮನೆ ಮಾಡೋಣ ಎಂದು ಹೆಂಡತಿಗೆ ಹೇಗೆ ಹೇಳುವುದು, ಯಾವ ಗಂಟಲಿನಲ್ಲಿ ಹೇಳುವುದು ಎಂದು ವೈಟ್‌ಫೀಲ್ಡ್ ಬರುವ ತನಕ ಯೋಚಿಸಿದೆ. ಎದುರಿಂದ ಬರುವ ರೈಲುಗಳು ಈಗ ತುಂಬಿದ್ದವು.

ಏಳೂವರೆಗೆ ಶೋಭಳ ಪೀಜಿಯ ಗೇಟಿನ ಮುಂದೆ ನಿಂತೆ. ಗಂಡಸರಿಗೆ ಗೇಟಿನಿಂದ ಒಳಗೆ ಪ್ರವೇಶವಿಲ್ಲ. ಅವಳು ಇಳಿದು ಬಂದು, ನನ್ನ ಮುಖ ನೋಡಿ, ತನಗೆ ಬಾಯಾರಿದೆಯೆಂದು ಬಾಟಲಿ ಕಿತ್ತುಕೊಂಡು ಗಟಗಟ ಕುಡಿದಳು. ಆಮೇಲೆ ಕೆಮ್ಮಿದ ಕೆಮ್ಮು, ಕೆಮ್ಮಿನ ನಡುವೆ ನಗು, ನಗುವಿನ ನಡುವೆ "ಹಾಳಾದವ್ನೆ!" ಇದನ್ನು ನಾನು ಫೋನಿನಲ್ಲಿ ಯಾವತ್ತೂ ಕೇಳಿರಲಿಲ್ಲ. ಗಂಟಲಲ್ಲಿ ಜೋಪಾನವಾಗಿ ಇಟ್ಟುಕೊಂಡೆ.

ಎಲ್ಲ ಹೇಳಿದೆ, ನನ್ನ ಗಂಟಲಿನಲ್ಲೇ. ದಿಂಬು, ಡ್ರಮ್ಮು, ನುಗ್ಗೆ ಗಿಡ, ಮುನಿಯಮ್ಮನ ಬೆರಳ ಲೆಕ್ಕ. "ಇಬ್ರೂ ಎದ್ದಿರೋದೇ ಇಲ್ಲ ಶೋಭಾ. ನಿದ್ದೆಗೆ ಅಂತ ಅಷ್ಟು ದೂರ ಹೋಗ್ಬೇಕಾ?"

ಅವಳು ಪೂರಿಯೊಂದನ್ನು ಒಡೆದು, ತಿನ್ನದೆ ಕೈಯಲ್ಲೇ ಹಿಡಿದುಕೊಂಡಳು.

"ನಾನು ನಿದ್ದೇಲಿ ಮಾತಾಡ್ತೀನಂತೆ ಕಣೋ. ದಿನಾ. ರೂಮ್ ಹುಡುಗೀರು ಬೆಳಗ್ಗೆ ಎದ್ದು ಹೇಳಿ ನಗ್ತಾರೆ, ನಿನ್ನ ಹೆಸರು ಹಿಡಿದು ಬೈತೀನಂತೆ." ಒಡೆದ ಪೂರಿಯನ್ನು ನನ್ನ ಕೈಗಿಟ್ಟು, "ಅದನ್ನ ಅವ್ರು ಯಾಕೆ ಕೇಳ್ಬೇಕು?" ಎಂದಳು.

ವಾಚ್‌ಮ್ಯಾನ್ ಗಡಿಯಾರ ನೋಡಿದ. ಅವಳು ಮೆಟ್ಟಿಲು ಹತ್ತುವಾಗಲೂ ಕೆಮ್ಮುತ್ತಲೇ ಇದ್ದಳು. ಮೂರನೇ ಮಹಡಿಯ ತನಕ ಕೇಳಿಸಿತು, ಆಮೇಲೆ ಇಲ್ಲ. ನಾನು ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು ಮುನಿಯಮ್ಮನಿಗೆ ಫೋನು ಮಾಡಿದೆ.

"ಅಮ್ಮಾ, ಶನಿವಾರದೊಳಗೆ ಡ್ರಮ್ ತಂದು ಇಡ್ತೀನಿ."

"ಯಾರ್ಲಾ ಇದು? ಮ್ಯಾನೇಜರ್ರಾ, ಪೈಪ್ ಇಡ್ದೋನಾ?"

"ಎಂಟನೇ ಮನೆ ಶೋಭಳ ಗಂಡ."

ಆ ಕಡೆ ಬೀಗದ ಕೈಗಳು ಒಮ್ಮೆ ಗಲಗಲ ಎಂದವು. "ಅಂಗನ್ನು ಮತ್ತೆ. ದೊಡ್ಡ ಡ್ರಮ್ಮೇ ತಾರಪ್ಪಾ. ಇಬ್ರಿಗೆ ಚಿಕ್ಕದು ಸಾಕಾಗಲ್ಲ."